ಒಂಟಿಜಾಡಿನ ಚರಿತ್ರೆ: ಬೆಜವಾಡದ ಗುಡ್ಡದಾರಿಗಳಲ್ಲಿ ನಡೆದವರು, ತಡೆದವರು, ತುಳಿದವರು

ವಿಜಯವಾಡದ ಪಟಮಟದಲ್ಲಿ ನೆಲೆಸಿರುವ ಕನ್ನಡಿಗರಿಗೆ ಗುಡ್ಡವೆಂಬುದು ಪಶ್ಚಿಮ ದಿಕ್ಕಿನ ವಸ್ತು. ಪಟಮಟದ ನೆಲ ಕೃಷ್ಣೆ ತಂದು ಹಾಸಿದ ಮೆಕ್ಕಲು. ಮಚಲೀಪಟ್ಟಣದತ್ತ ಹೋಗುವ ಬಂದರು ರಸ್ತೆಯುದ್ದಕ್ಕೂ ಅಂಗೈಯಷ್ಟು ಏರೂ ಸಿಗದು. ಮುಖ ತಿರುಗಿಸಿದರೆ ಮಾತ್ರ ಮೊಗಲರಾಜಪುರದ ಬಂಡೆ, ಗುಣದಲದ ಬೆಟ್ಟ, ಇಂದ್ರಕೀಲಾದ್ರಿ, ಅದರಾಚೆ ಕೊಂಡಪಲ್ಲಿಯ ಸಾಲು. ಇತ್ತೀಚಿನ ವರ್ಷಗಳಲ್ಲಿ ಮುಂಜಾನೆ ಆ ದಿಕ್ಕಿಗೆ ದಪ್ಪ ಚಕ್ರದ ಸೈಕಲ್ ಏರಿ ಹೊರಡುವ ತರುಣರನ್ನು ನಾವು ಕಾಣುತ್ತಿದ್ದೇವೆ. ಅವರು ಡಾಂಬರು ರಸ್ತೆಯನ್ನು ಬಯಸುವವರಲ್ಲ. ಒಂದೇ ಚಕ್ರಕ್ಕೆ ಎಡೆಕೊಡುವ, ಪೊದೆಗಳ ನಡುವೆ ನುಸುಳುವ ಕಾಲುದಾರಿ ಅವರಿಗೆ ಬೇಕು. ಅವರ ಭಾಷೆಯಲ್ಲಿ ಅದಕ್ಕೆ ‘ಸಿಂಗಲ್ ಟ್ರ್ಯಾಕ್’ ಎಂದು ಹೆಸರು. ಕನ್ನಡದಲ್ಲಿ ‘ಒಂಟಿಜಾಡು’ ಎನ್ನೋಣ.

ಈ ಒಂಟಿಜಾಡುಗಳನ್ನು ಯಾರೂ ಆಟಕ್ಕೆಂದು ಮಾಡಲಿಲ್ಲ. ಭಿಕ್ಷುಗಳು, ಸೈನಿಕರು, ದನಗಾಹಿಗಳು, ಸೌದೆ ಹೊತ್ತವರು, ಗೊಂಬೆಗೆ ಮರ ಅರಸಿದವರು ತಮ್ಮ ಕಾಲಿನಿಂದ ಬರೆದ ಬರಹಗಳಿವು. ಶಾಸನಕ್ಕೆ ಕಲ್ಲು ಇದೆ, ಕಾವ್ಯಕ್ಕೆ ಓಲೆ ಇದೆ; ಕಾಲುದಾರಿಗೆ ನಡೆಯುವ ಕಾಲುಗಳ ಹೊರತು ಬೇರೆ ಆಧಾರವಿಲ್ಲ. ನಡೆಯುವವರು ನಿಂತರೆ ಎರಡು ಮಳೆಗಾಲದಲ್ಲಿ ಅದು ಅಳಿಸಿಹೋಗುತ್ತದೆ. ಅಗಲ ಮಾಡಲು ಹೊರಟರೆ ಅದು ಕಾಲುದಾರಿಯಾಗಿ ಉಳಿಯುವುದಿಲ್ಲ. ಬೆಜವಾಡದ ಸುತ್ತಲಿನ ಗುಡ್ಡದಾರಿಗಳ ಕಥೆ ಈ ಎರಡು ಅಪಾಯಗಳ ನಡುವಣ ಕಥೆ. ಅದರಲ್ಲಿ ಕನ್ನಡ ನಾಡಿನ ಪಾಲು ನಾವು ಎಣಿಸಿದ್ದಕ್ಕಿಂತ ಹೆಚ್ಚಿನದು.

ಮೊದಲ ಸಾಕ್ಷಿ ಚೀನದಿಂದ ಬಂದವನದು. 7ನೆಯ ಶತಮಾನದ ಮೊದಲರ್ಧದಲ್ಲಿ ಈ ಸೀಮೆಗೆ ಬಂದ ಯುವಾನ್‌ಚಾಂಗನು, ರಾಜಧಾನಿಯೊಂದರ ಪೂರ್ವಕ್ಕೂ ಪಶ್ಚಿಮಕ್ಕೂ ಗುಡ್ಡಗಳಿಗೆ ಅಂಟಿಕೊಂಡ ಎರಡು ವಿಹಾರಗಳನ್ನು ವರ್ಣಿಸಿದ್ದಾನೆ: ಪೂರ್ವಶೈಲ ಮತ್ತು ಅವರಶೈಲ. ಹಿಂದಿನ ಅರಸನೊಬ್ಬನು ಕಣಿವೆಯನ್ನು ತೋಡಿ, ಬಂಡೆಯನ್ನು ಬಿಡಿಸಿ, ದಾರಿ ಮಾಡಿ ಅವುಗಳನ್ನು ಕಟ್ಟಿಸಿದನೆಂದು ಅವನ ಮಾತಿನ ತಾತ್ಪರ್ಯ. ಅವನು ಇಲ್ಲಿ ಕೆಲವು ತಿಂಗಳು ನಿಂತು ಅಭಿಧರ್ಮವನ್ನು ಓದಿದನು. ಆ ನಗರ ಯಾವುದು? ಅಮರಾವತಿಯೆಂದು ಕೆಲವರು, ಬೆಜವಾಡವೆಂದು ಕೆಲವರು. ಬೆಜವಾಡದ ಪರವಾಗಿ 1880ರಲ್ಲಿ ವಾದ ಹೂಡಿದವನು ರಾಬರ್ಟ್ ಸ್ಯೂವೆಲ್. ಈ ಹೆಸರನ್ನು ಕೇಳಿದೊಡನೆ ಕನ್ನಡ ವಾಚಕರ ಕಿವಿ ನಿಮಿರಬೇಕು. ವಿಜಯನಗರದ ಚರಿತ್ರೆಯನ್ನು 1900ರಲ್ಲಿ ‘ಮರೆತುಹೋದ ಸಾಮ್ರಾಜ್ಯ’ವೆಂಬ ಹೆಸರಿನಿಂದ ಲೋಕದ ಮುಂದಿಟ್ಟವನು ಇವನೇ. ಅದಕ್ಕೆ ಮುಂಚೆ ಕೃಷ್ಣಾ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದು, 1877ರಲ್ಲಿ ಅಮರಾವತಿಯ ಸ್ತೂಪದ ನೆಲವನ್ನು ಅಗೆಸಿದ್ದನು. ಮೊಗಲರಾಜಪುರದ ಗುಹೆಗಳು ಪೂರ್ವದಲ್ಲಿ, ಇಂದ್ರಕೀಲ ಪಶ್ಚಿಮದಲ್ಲಿ ಇರುವ ಬೆಜವಾಡದ ನೆಲವಿನ್ಯಾಸವೇ ಅವನ ವಾದದ ಬಲ. ಆ ವಾದವನ್ನು ಎಲ್ಲರೂ ಒಪ್ಪಿಲ್ಲ. ಗುಡ್ಡವನ್ನು ಕೊರೆದು ದಾರಿ ಮಾಡುವುದು ಒಂದು ಪುಣ್ಯಕಾರ್ಯವೆಂದು ಯಾತ್ರಿಕನು ಎಣಿಸಿ ಬರೆದದ್ದು ಮಾತ್ರ ನಮ್ಮ ವಿಷಯಕ್ಕೆ ಸಲ್ಲುತ್ತದೆ.

ಅದೇ ಶತಮಾನದಲ್ಲಿ ಪಡುವಣದಿಂದ ಇನ್ನೊಂದು ಹಾದಿ ತೆರೆಯಿತು. ಐಹೊಳೆಯ 634ರ ಶಾಸನವು ಇಮ್ಮಡಿ ಪುಲಕೇಶಿಯ ದಿಗ್ವಿಜಯದಲ್ಲಿ ಪಿಷ್ಟಪುರದ ಕೋಟೆಯನ್ನೂ ಕುನಾಲದ ಸರೋವರವನ್ನೂ ಹೆಸರಿಸುತ್ತದೆ. ಪಿಷ್ಟಪುರವೆಂದರೆ ಇಂದಿನ ಪಿಠಾಪುರ, ಕುನಾಲವೆಂದರೆ ಏಲೂರಿನ ಬಳಿಯ ಕೊಲ್ಲೇರು. ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನನಿಂದ ವೇಂಗಿಯ ಚಾಲುಕ್ಯ ವಂಶ ಬೆಳೆಯಿತು. ಬಾದಾಮಿಯಿಂದ ವೇಂಗಿಗೆ ಸೇನೆ ಬಂದ ದಾರಿಯಲ್ಲಿಯೇ ಮುಂದೆ ವಿದ್ವಾಂಸರು ಎದುರು ದಿಕ್ಕಿಗೆ ನಡೆದರು. ಪಂಪನ ಪೂರ್ವಿಕರು ವೇಂಗಿಮಂಡಲದ ಅಗ್ರಹಾರದವರು. ಅವನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಒಂದೇ ಬಂಡೆಯ ಮೇಲೆ ನಿಂತಿವೆ. ಪಂಪಭಾರತದಲ್ಲಿ ಅರ್ಜುನನು ತಪಸ್ಸಿಗೆ ಹೋಗುವುದು ಇಂದ್ರಕೀಲಕ್ಕೆ. ಬೆಜವಾಡದವರು ಆ ಇಂದ್ರಕೀಲ ತಮ್ಮ ಊರಿನದೇ ಎನ್ನುತ್ತಾರೆ. ಕವಿಯ ಮನಸ್ಸಿನಲ್ಲಿದ್ದ ಬೆಟ್ಟ ಹಿಮಾಲಯದ್ದೇ ಇರಲಿ. ಕನಕದುರ್ಗೆಯ ಮೆಟ್ಟಿಲೇರುವ ಕನ್ನಡಿಗನಿಗೆ ಕಿರಾತಾರ್ಜುನರ ಕಾಳಗ ನೆನಪಾಗದೆ ಇರದು.

ಆದರೆ ಈ ಸೀಮೆಯ ಗುಡ್ಡದಾರಿಗಳ ಮೇಲೆ ಅತ್ಯಂತ ಆಳವಾದ ಗುರುತನ್ನು ಬಿಟ್ಟವನು ಕೃಷ್ಣದೇವರಾಯ. ಅವನ ಕಳಿಂಗ ದಂಡಯಾತ್ರೆಯನ್ನು ನಾವು ಸಾಮಾನ್ಯವಾಗಿ ಕೋಟೆಗಳ ಪಟ್ಟಿಯಾಗಿ ಓದುತ್ತೇವೆ: ಉದಯಗಿರಿ, ಕೊಂಡವೀಡು, ಕೊಂಡಪಲ್ಲಿ, ಸಿಂಹಾಚಲ. ಅದನ್ನು ದಾರಿಗಳ ಕಥೆಯಾಗಿ ಓದಿದರೆ ಬೇರೆಯೇ ಚಿತ್ರ ಮೂಡುತ್ತದೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನ್ಯೂನಿಜನ ವೃತ್ತಾಂತದಲ್ಲಿ ಉದಯಗಿರಿಯ ಪ್ರಸಂಗ ಇದೆ. ಆ ದುರ್ಗಕ್ಕೆ ಹೋಗಲು ಒಂದೇ ದಾರಿ. ಅದೂ ಒಬ್ಬರ ಹಿಂದೆ ಒಬ್ಬರಂತೆ ಮಾತ್ರ ನಡೆಯಬಹುದಾದಷ್ಟು ಇಕ್ಕಟ್ಟು. ಅರಸನು ಬಂಡೆಗಳನ್ನು ಒಡೆಸಿ ಅದನ್ನೇ ಅಗಲವಾದ ಹೆದ್ದಾರಿಯಾಗಿಸಿದನು. ಸುತ್ತಲ ಕಲ್ಲುಗುಡ್ಡಗಳಲ್ಲಿ ಇನ್ನೂ ಹಲವು ದಾರಿಗಳನ್ನು ಕಡಿಸಿದನು. 1514ರ ಜೂನಿನಲ್ಲಿ ದುರ್ಗ ಅವನ ವಶವಾಯಿತು. ಅಲ್ಲಿಂದ ತಂದ ಬಾಲಕೃಷ್ಣನ ಮೂರ್ತಿಗೆಂದೇ ಹಂಪೆಯಲ್ಲಿ ಕೃಷ್ಣ ದೇವಾಲಯ ಎದ್ದಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗಿರಿದುರ್ಗದ ರಕ್ಷಣೆ ಅದರ ಗೋಡೆಯಲ್ಲಿ ಎಷ್ಟಿದೆಯೋ ಅಷ್ಟೇ ಅದರ ಕಾಲುದಾರಿಯ ಕಿರಿದಿನಲ್ಲಿದೆ. ಸಾವಿರ ಜನರ ಸೇನೆಯನ್ನು ಒಂಟಿಜಾಡು ಒಬ್ಬೊಬ್ಬ ಮನುಷ್ಯನನ್ನಾಗಿ ಬಿಡಿಸುತ್ತದೆ. ಆದ್ದರಿಂದ ಕೋಟೆ ಬೀಳುವ ಮೊದಲು ದಾರಿ ಬೀಳಬೇಕಾಗಿತ್ತು. ಉದಯಗಿರಿಯ ಸುಮಾರು ಒಂದೂವರೆ ವರ್ಷದ ಮುತ್ತಿಗೆಯಲ್ಲಿ ಕಲ್ಲುಕುಟಿಗನ ಉಳಿಗೆ ಸಿಪಾಯಿಯ ಕತ್ತಿಗಿಂತ ಕಡಿಮೆ ಕೆಲಸ ಇರಲಿಲ್ಲ.

1515ರ ಜೂನಿನಲ್ಲಿ ಕೊಂಡವೀಡು ಕೈಸೇರಿತು. ಮಂಗಳಗಿರಿಯ ಶಿಲಾಶಾಸನವು ಆ ವಿಜಯವನ್ನು ಇಂದಿಗೂ ಹೇಳುತ್ತಿದೆ. ಮಂತ್ರಿ ಸಾಳುವ ತಿಮ್ಮರಸು ಮತ್ತು ಅವನ ಸೋದರಳಿಯ ನಾದೆಂಡ್ಲ ಗೋಪನ ಹೆಸರುಗಳು ಈ ಸೀಮೆಯ ಆಡಳಿತದೊಡನೆ ಹೆಣೆದುಕೊಂಡಿವೆ. ಅನಂತರ ಸೇನೆ ಕೃಷ್ಣೆಯನ್ನು ದಾಟಿ ಕೊಂಡಪಲ್ಲಿಗೆ ಬಂತು. ರೆಡ್ಡಿ ಅರಸರು 14ನೆಯ ಶತಮಾನದಲ್ಲಿ ಕಟ್ಟಿದ್ದ ಈ ಗಿರಿದುರ್ಗವು ಬಹಮನಿಗಳ, ಗಜಪತಿಗಳ ಕೈ ಹಾದು ಬಂದಿತ್ತು. ಮೂರು ತಿಂಗಳ ಮುತ್ತಿಗೆಯ ಬಳಿಕ ಅದು ಬಿದ್ದಿತೆಂದೂ, ಗಜಪತಿಯ ರಾಣಿಯೊಬ್ಬಳು ಅಲ್ಲಿ ಸೆರೆಸಿಕ್ಕಳೆಂದೂ ನ್ಯೂನಿಜ್ ಹೇಳುತ್ತಾನೆ. ಇದೇ ಯಾತ್ರೆಯಲ್ಲಿ ವಿಜಯವಾಡದಲ್ಲಿ ತಂಗಿ, ಮುಂದೆ ಕೃಷ್ಣಾತೀರದ ಶ್ರೀಕಾಕುಳದಲ್ಲಿ ಏಕಾದಶಿಯ ಉಪವಾಸವಿದ್ದಾಗ ಆಂಧ್ರವಿಷ್ಣುವು ಕನಸಿನಲ್ಲಿ ಬಂದು ತೆಲುಗಿನಲ್ಲಿ ಕಾವ್ಯ ಬರೆಯಹೇಳಿದನೆಂದು ಅರಸನೇ ‘ಆಮುಕ್ತಮಾಲ್ಯದ’ದ ಆರಂಭದಲ್ಲಿ ನಿರೂಪಿಸಿದ್ದಾನೆ. ಕನ್ನಡ ನಾಡಿನಿಂದ ಹೊರಟ ದಂಡಿನ ದಾರಿಯೊಂದು ತೆಲುಗು ಸಾಹಿತ್ಯದ ಮಹಾಕೃತಿಯಲ್ಲಿ ಕೊನೆಗೊಂಡಿತು. ಹೊರನಾಡಿನಲ್ಲಿ ಬಾಳುವ ನಮಗೆ ಇದು ನೆನೆಯತಕ್ಕ ಮಾತು: ಬಂದ ನೆಲದ ಮಾತನ್ನು ಕೇಳಿಸಿಕೊಂಡವನಿಗೆ ಆ ನೆಲದಲ್ಲಿ ಹೆಸರು ಉಳಿಯಿತು.

ಯಾತ್ರೆ ಮುಗಿದದ್ದು ವಿಶಾಖಪಟ್ಟಣದ ಬಳಿ. ಪೊಟ್ನೂರಿನಲ್ಲಿ ಜಯಸ್ತಂಭ, ಸಿಂಹಾಚಲದಲ್ಲಿ ದಾನದ ಶಾಸನ. 1516ರಲ್ಲಿ ಅರಸನೂ ರಾಣಿಯರೂ ವರಾಹನರಸಿಂಹನಿಗೆ ಒಡವೆಗಳನ್ನು ಅರ್ಪಿಸಿದರು. ಸಿಂಹಾಚಲದ ಗುಡ್ಡದಾರಿಗೆ ಇಂದೂ ಜೀವವಿರುವುದು ಬೇರೆ ಕಾರಣದಿಂದ. ಆಷಾಢ ಹುಣ್ಣಿಮೆಯ ಹೊತ್ತಿಗೆ ಲಕ್ಷಾಂತರ ಭಕ್ತರು ಸುಮಾರು 32 ಕಿಲೋಮೀಟರ್ ಗಿರಿಪ್ರದಕ್ಷಿಣೆ ಮಾಡುತ್ತಾರೆ. ವರ್ಷಕ್ಕೊಮ್ಮೆಯಾದರೂ ಇಷ್ಟು ಪಾದಗಳು ಸುತ್ತುವ ಬೆಟ್ಟವನ್ನು ಕರಗಿಸಿಬಿಡುವುದು ಯಾರಿಗೂ ಸುಲಭವಲ್ಲ.

ಕೊಂಡಪಲ್ಲಿಗೆ ಅಂಥ ರಕ್ಷೆ ಇರಲಿಲ್ಲ. ಕುತುಬ್‌ಶಾಹಿಗಳ ಬಳಿಕ ಮೊಗಲರು, ಅವರ ಬಳಿಕ 1766ರಲ್ಲಿ ಇಂಗ್ಲಿಷರು ಅದನ್ನು ಹಿಡಿದರು. ಕೆಲಕಾಲ ಅಲ್ಲಿ ದಂಡಿನ ತರಬೇತಿ ನಡೆದು, 19ನೆಯ ಶತಮಾನದ ನಡುವಿನಲ್ಲಿ ಕೋಟೆ ಬರಿದಾಯಿತು. ಅದೇ ಹೊತ್ತಿಗೆ ಬೆಜವಾಡದಲ್ಲಿ ಗುಡ್ಡಗಳಿಗೆ ಹೊಸ ಉಪಯೋಗ ಕಂಡುಬಂತು. 1852ರಿಂದ 1855ರ ನಡುವೆ ಕೃಷ್ಣೆಗೆ ಅಡ್ಡಲಾಗಿ ಆಣೆಕಟ್ಟು ಎದ್ದಾಗ, ನದಿಯನ್ನು ಎರಡು ಕಡೆಯಿಂದ ಒತ್ತಿಕೊಂಡು ನಿಂತ ಗುಡ್ಡಗಳಲ್ಲಿ ಕಲ್ಲು ಕೈಯಳತೆಯಲ್ಲಿತ್ತು. ಆ ಆಣೆಕಟ್ಟಿನ ನೀರಿನಿಂದಲೇ ಪಟಮಟದ ಆಚೆಯ ಬಯಲು ಹಸಿರಾಯಿತು. ಅದರ ಸ್ಥಾನದಲ್ಲಿ 1957ರಲ್ಲಿ ಪ್ರಕಾಶಂ ಬ್ಯಾರೇಜ್ ಬಂತು. ನಾವು ಉಣ್ಣುವ ಅನ್ನದಲ್ಲಿ ಗುಡ್ಡದ ಪಾಲಿದೆಯೆಂಬುದು ಅಲಂಕಾರದ ಮಾತಲ್ಲ.

ಗುಡ್ಡದಾರಿಗಳ ಚರಿತ್ರೆಯಲ್ಲಿ ದೊಡ್ಡ ಬಿರುಕು ಬಿದ್ದದ್ದು 1882ರಲ್ಲಿ. ಆ ವರ್ಷ ಮದರಾಸು ಅರಣ್ಯ ಕಾಯಿದೆ ರೂಪುಗೊಂಡಿತು. ಅದಕ್ಕೆ ಒಂದು ದಶಕ ಮುಂಚೆ ಮದರಾಸಿನ ಕಂದಾಯ ಮಂಡಲಿಯೇ, ಈ ಪ್ರಾಂತದಲ್ಲಿ ಯಾವುದಾದರೊಂದು ಹಳ್ಳಿಯ ಎಲ್ಲೆಗೆ ಸೇರದ ಕಾಡು ಇಲ್ಲವೆಂದೇ ಹೇಳಬಹುದು, ಸರ್ಕಾರಕ್ಕೆ ಅಲ್ಲಿ ನಿರಂಕುಶ ಒಡೆತನವಿಲ್ಲ ಎಂದು ವಾದಿಸಿತ್ತು. ಆ ದನಿ ಅಡಗಿತು. ಹೊಸ ಕಾಯಿದೆ ಕಾಡುಗಳನ್ನು ‘ಮೀಸಲು’ ಎಂದು ಘೋಷಿಸುವ ಅಧಿಕಾರ ಕೊಟ್ಟಿತು. ಘೋಷಣೆಗೆ ಮುಂಚೆ ಅಧಿಕಾರಿಯೊಬ್ಬನು ದಾರಿಯ ಹಕ್ಕು, ಮೇವಿನ ಹಕ್ಕು, ಕಾಡುತ್ಪನ್ನದ ಹಕ್ಕು, ನೀರಿನ ಹಕ್ಕುಗಳನ್ನು ವಿಚಾರಿಸಿ ದಾಖಲಿಸಬೇಕಿತ್ತು. ಆದರೆ ಗಡುವಿನೊಳಗೆ ಬಂದು ಹೇಳಿಕೊಳ್ಳದವನ ಹಕ್ಕು ಇಲ್ಲವಾಯಿತು. ದನಗಾಹಿಗೆ ಗೆಜೆಟ್ ಓದುವ ರೂಢಿಯೆಲ್ಲಿಯದು? ಅಜ್ಜನ ಕಾಲದಿಂದ ನಡೆದ ಜಾಡಿನಲ್ಲಿ ಮೊಮ್ಮಗ ಅತಿಕ್ರಮಿಯಾದನು.

ಇದರ ಕಹಿ ಫಲ ಕೃಷ್ಣೆಯ ಆಚೆಯ ಪಲ್ನಾಡಿನಲ್ಲಿ ಕಂಡಿತು. 1921ರಲ್ಲಿ ಅಲ್ಲಿನ ರೈತರು ಕಾಡಿನಲ್ಲಿ ದನ ಮೇಯಿಸಲು ತೆರಬೇಕಾಗಿದ್ದ ‘ಪುಲ್ಲರಿ’ ತೆರಿಗೆಯನ್ನು ನಿರಾಕರಿಸಿ, ಅಧಿಕಾರಿಗಳಿಗೆ ಬಹಿಷ್ಕಾರ ಹಾಕಿದರು. 1922ರ ಫೆಬ್ರವರಿಯಲ್ಲಿ ಮಿಂಚಾಲಪಾಡಿನಲ್ಲಿ ಪೊಲೀಸರ ಗುಂಡಿಗೆ ಕನ್ನೆಗಂಟಿ ಹನುಮಂತು ಬಲಿಯಾದನು. ಎಂಟು ವರ್ಷಗಳ ಬಳಿಕ ಶಿರಸಿ, ಸಿದ್ದಾಪುರಗಳ ಕಾಡಂಚಿನಲ್ಲಿ ನಮ್ಮವರು ನಡೆಸಿದ ಜಂಗಲ್ ಸತ್ಯಾಗ್ರಹಕ್ಕೂ ಇದಕ್ಕೂ ಹುಟ್ಟು ಒಂದೇ. ಎರಡೂ ಕಡೆ ಜನ ಕೇಳಿದ್ದು ಕಾಡಿನ ಒಡೆತನವನ್ನಲ್ಲ. ಕಾಡಿಗೆ ಹೋಗಿ ಮರಳಿ ಬರುವ ದಾರಿಯನ್ನು.

ಇಂಥ ಹಿನ್ನೆಲೆಯುಳ್ಳ ದಾರಿಗೆ ಸೈಕಲ್ ಬಂದದ್ದು ತೀರ ತಡವಾಗಿ. ಗುಡ್ಡದ ಸೈಕಲ್ಲಿನ ಹುಟ್ಟೂರು ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಸೀಮೆ. 1970ರ ದಶಕದಲ್ಲಿ ಅಲ್ಲಿನ ಕೆಲವು ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟಕ್ಕೆ ಹೊತ್ತೊಯ್ದು ಕಲ್ಲುಮಣ್ಣಿನ ದಾರಿಯಲ್ಲಿ ಕೆಳಗೆ ಬಿಡತೊಡಗಿದರು. 1976ರಲ್ಲಿ ಆರಂಭವಾದ ಅವರ ಸ್ಪರ್ಧೆಗೆ ‘ರಿಪ್ಯಾಕ್’ ಎಂದು ಹೆಸರು ಬಂದದ್ದು, ಒಂದು ಇಳಿತದಲ್ಲಿಯೇ ಹಿಂಬದಿಯ ಬ್ರೇಕಿನ ಗ್ರೀಸು ಸುಟ್ಟು ಹೊಗೆಯಾಗಿ, ಮತ್ತೆ ತುಂಬಬೇಕಾಗುತ್ತಿದ್ದುದರಿಂದ. ಮರುವರ್ಷವೇ ಜೋ ಬ್ರೀಜ್ ಇದಕ್ಕೆಂದೇ ಚೌಕಟ್ಟು ಕಟ್ಟಲು ತೊಡಗಿದ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಪದಕ ಬಂತು. ಆದರೆ ಹುಟ್ಟೂರಿನಲ್ಲಿಯೇ, ನಡೆಯುವವರ ಆಕ್ಷೇಪದಿಂದ, ಇಕ್ಕಟ್ಟಾದ ಹೆಚ್ಚಿನ ಜಾಡುಗಳು ದಶಕಗಳ ಕಾಲ ಸೈಕಲ್ಲಿಗೆ ಮುಚ್ಚಿಹೋದವು.

ಇಂಗ್ಲೆಂಡಿನ ಪರಿಹಾರ ಬೇರೆ. ಅಲ್ಲಿನ 1968ರ ಗ್ರಾಮಾಂತರ ಕಾಯಿದೆಯು ಕುದುರೆದಾರಿಗಳಲ್ಲಿ ಸೈಕಲ್ ಸವಾರರಿಗೆ ಹಕ್ಕು ಕೊಟ್ಟಿತು. ಜೊತೆಗೆ ಒಂದು ಷರತ್ತು ಇಟ್ಟಿತು: ನಡೆಯುವವರಿಗೂ ಕುದುರೆಯವರಿಗೂ ಸೈಕಲ್ಲಿನವರು ದಾರಿ ಬಿಡತಕ್ಕದ್ದು. ಕೊನೆಗೆ ಬಂದವನು ಮೊದಲಿದ್ದವನಿಗೆ ಸರಿದು ನಿಲ್ಲಬೇಕೆಂಬ ಈ ನಿಯಮಕ್ಕಿಂತ ನ್ಯಾಯವಾದುದನ್ನು ಕಾಣುವುದು ಕಷ್ಟ.

ಈಗ ನಮ್ಮ ಗುಡ್ಡಕ್ಕೆ ಮರಳೋಣ. ಪಟಮಟದಿಂದ ಕೊಂಡಪಲ್ಲಿಗೆ 20ರಿಂದ 25 ಕಿಲೋಮೀಟರ್. ಕೋಟೆಗೆ ಇಂದು ಘಾಟ್ ರಸ್ತೆಯಿದೆ. ಹಳೆಯ ದಾರಿಯೋ ಊರ ಕಡೆಯಿಂದ ಹೆಬ್ಬಾಗಿಲುಗಳನ್ನು ಹಾದು ಏರುತ್ತದೆ. ಒಂದು ಕಡೆ ದರ್ಗಾ ದರ್ವಾಜ, ಬೆಟ್ಟದ ಇನ್ನೊಂದು ತುದಿಗೆ ಗೋಲ್ಕೊಂಡ ದರ್ವಾಜ: ಎರಡು ಬಾಗಿಲುಗಳ ಹೆಸರಿನಲ್ಲಿಯೇ ಎರಡು ದಿಕ್ಕಿನ ದಾರಿಗಳ ಗುರುತು ಉಳಿದಿದೆ. ಸುತ್ತಲೂ ಎಲೆಯುದುರುವ ಒಣಕಾಡು. ನಮ್ಮ ಮಲೆನಾಡಿನ ಕತ್ತಲೆಗಾನಿನ ಕಲ್ಪನೆಯೊಡನೆ ಹೋದವರಿಗೆ ನಿರಾಸೆಯಾದೀತು; ಚಿತ್ರದುರ್ಗದ ಜೋಗಿಮಟ್ಟಿಯನ್ನು ಬಲ್ಲವರಿಗೆ ಅದು ನೆಂಟರ ಮನೆಯಂತೆ ಕಾಣುತ್ತದೆ. ಮಳೆ ನಿಂತ ಮೇಲಿನ ಕಾರ್ತಿಕದಿಂದ ಮಾಘದವರೆಗೆ ಅಲ್ಲಿ ಹಸಿರೂ ಇರುತ್ತದೆ, ನೆಲವೂ ಗಟ್ಟಿಯಿರುತ್ತದೆ.

ಈ ಕಾಡಿನ ಬೆಲೆಯನ್ನು ಬಲ್ಲವರು ಕೆಳಗಿನ ಊರಿನ ಗೊಂಬೆಗಾರರು. ಕೊಂಡಪಲ್ಲಿಯ ಗೊಂಬೆಗೆ ಬೇಕಾದುದು ‘ತೆಲ್ಲ ಪೊಣಿಕಿ’ ಎಂಬ ಹಗುರವಾದ ಮರ. ಅದನ್ನು ಒಣಗಿಸಿ, ಕೆತ್ತಿ, ಹುಣಸೆಬೀಜ ಮತ್ತು ಮರದ ಪುಡಿಯ ಅಂಟಿನಿಂದ ಅಂಗಾಂಗಗಳನ್ನು ಜೋಡಿಸಿ, ಸುಣ್ಣ ಬಳಿದು, ಬಣ್ಣ ಹಚ್ಚುತ್ತಾರೆ. ಚನ್ನಪಟ್ಟಣದ ಅರಗಿನ ಗೊಂಬೆ ತಿರುಗಣಿಯಲ್ಲಿ ಹುಟ್ಟಿದರೆ ಕೊಂಡಪಲ್ಲಿಯದು ಉಳಿಯಲ್ಲಿ ಹುಟ್ಟುತ್ತದೆ. ಆ ದೃಷ್ಟಿಯಿಂದ ಅದಕ್ಕೆ ಹತ್ತಿರದ ಬಂಧು ಕೊಪ್ಪಳದ ಕಿನ್ನಾಳ. ಪೊಣಿಕಿ ಮರ ಅಪರೂಪವಾಗುತ್ತಿದೆ. ಮರ ಅರಸಿ ಹೋಗುವವನಿಗೆ ಗೊತ್ತಿದ್ದ ಜಾಡು ಕೂಡ ಅವನೊಡನೆ ಮರೆಯಾಗುತ್ತದೆ. ಗುಡ್ಡಸಾಲಿನ ಬುಡದಲ್ಲಿಯೇ, ಇಬ್ರಾಹಿಂಪಟ್ಟಣದಲ್ಲಿ, 1979ರಿಂದ ಉಷ್ಣವಿದ್ಯುತ್ ಸ್ಥಾವರ ನಡೆದಿದೆ. ಅದರ ಹಾರುಬೂದಿಯೂ ಜಲ್ಲಿ, ಗ್ರಾವೆಲ್ಲಿನ ಅಗೆತವೂ ಈ ಸೀಮೆಯ ಜನರ ನಿತ್ಯದ ಮಾತು. ನಗರ ಬೆಳೆಯುವಾಗ ಗುಡ್ಡ ಕರಗುತ್ತದೆ. ಕೃಷ್ಣದೇವರಾಯನ ಕಲ್ಲುಕುಟಿಗರು ದಾರಿಗಾಗಿ ಬಂಡೆಯನ್ನು ಒಡೆದರು. ನಮ್ಮ ಯಂತ್ರಗಳು ಬಂಡೆಗಾಗಿ ದಾರಿಯನ್ನು ಒಡೆಯುತ್ತವೆ.

ಹೀಗಿರುವಾಗ ಸೈಕಲ್ ಸವಾರನ ಸ್ಥಾನ ಯಾವುದು? ಕಾಡನ್ನು ಎಲ್ಲರಿಗೂ ಮುಚ್ಚಿಬಿಡುವುದೇ ಲೇಸೆಂದು ಹೇಳುವವರಿದ್ದಾರೆ. ಅವರ ವಾದದಲ್ಲಿ ಹುರುಳಿದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಚಕ್ರ ಜಾರಿಸಿದರೆ ಮಣ್ಣಿನಲ್ಲಿ ಗೀರು ಬೀಳುತ್ತದೆ. ಮುಂದಿನ ಮಳೆಗೆ ಗೀರು ಕೊರಕಲಾಗುತ್ತದೆ. ತಿರುವು ತಪ್ಪಿಸಲು ಅಡ್ಡದಾರಿ ಹಿಡಿದರೆ ಒಂದು ಜಾಡು ಮೂರಾಗುತ್ತದೆ. ಅನುಮತಿ ಇಲ್ಲದೆ ಮೀಸಲು ಕಾಡನ್ನು ಹೊಕ್ಕುವುದು ಇಂದಿನ ಆಂಧ್ರ ಅರಣ್ಯ ಕಾಯಿದೆಯಲ್ಲಿಯೂ ಅಪರಾಧವೇ. ಆದರೂ ನನಗೆ ತೋರುವುದು ಬೇರೆ. 1882ರಿಂದ ನೂರು ವರ್ಷಕ್ಕೂ ಮಿಕ್ಕಿ ಕಾಡು ಮುಚ್ಚಿಯೇ ಇದೆ. ಮುಚ್ಚಿದ್ದರಿಂದ ದನಗಾಹಿಯ ಕಾಲು ನಿಂತಿತೇ ಹೊರತು ಅಗೆಯುವವನ ಕೈ ನಿಲ್ಲಲಿಲ್ಲ. ನೋಡುವ ಕಣ್ಣು ಇಲ್ಲದ ಗುಡ್ಡ ಬಹುಬೇಗ ಕಾಣೆಯಾಗುತ್ತದೆ. ಸಿಂಹಾಚಲವನ್ನು ಲಕ್ಷ ಪಾದಗಳು ಕಾಯುತ್ತವೆ. ಕೊಂಡಪಲ್ಲಿಗೆ ಕೆಲವು ಚಕ್ರಗಳಾದರೂ ಬೇಡವೇ?

ಷರತ್ತು ಮಾತ್ರ ಇರಬೇಕು. ಅರಣ್ಯ ಇಲಾಖೆಯನ್ನು ಕೇಳಿ ಹೋಗುವುದು. ಮಣ್ಣು ಹಸಿಯಿರುವಾಗ ಹೋಗದಿರುವುದು. ಇರುವ ಜಾಡನ್ನು ಅಗಲಿಸದಿರುವುದು. ಸೌದೆ ಹೊತ್ತ ಅವ್ವ ಎದುರು ಬಂದರೆ ಇಳಿದು ನಿಲ್ಲುವುದು. ಆಕೆ ಆ ದಾರಿಯ ವಾರಸುದಾರಳು, ನಾವು ಅತಿಥಿಗಳು. ಜೊತೆಗೆ ಹೊರನಾಡ ಕನ್ನಡಿಗರಿಗೆ ಒಂದು ಕೆಲಸ ಉಳಿದಿದೆ: ಆ ದಾರಿಯ ತಿರುವು, ಬಂಡೆ, ಬಾವಿಗಳ ಹೆಸರನ್ನು ಊರವರ ಬಾಯಿಂದ ಕೇಳಿ ಬರೆದಿಡುವುದು. ತೆಲುಗಿನ ಹೆಸರುಗಳನ್ನು ತೆಲುಗಿನಲ್ಲಿಯೇ ಕೇಳಿಸಿಕೊಳ್ಳಬೇಕು. ಶಾಸನವಿಲ್ಲದ ಚರಿತ್ರೆಗೆ ಅಷ್ಟೇ ಆಧಾರ. 1882ರಲ್ಲಿ ಆ ಹೆಸರುಗಳನ್ನು ಯಾರಾದರೂ ಬರೆದಿಟ್ಟಿದ್ದರೆ, ಎಷ್ಟೋ ಹಳ್ಳಿಗಳಿಗೆ ತಮ್ಮ ದಾರಿ ಉಳಿಯುತ್ತಿತ್ತು.